ಕ್ಯಾಪ್ ಕಳಚಿತೇ? ಅಂಟಿಸುವ ಮುನ್ನ ಸ್ವಲ್ಪ ನಿಲ್ಲಿ!

ಎರಡು ವರ್ಷದ ಹಿಂದಿನ ಸಂಕ್ರಾಂತಿ. ಅಣ್ಣನ ಮನೆಯಲ್ಲಿ ಎಳ್ಳು ಬೀರಿ ಬಂದ ಮೇಲೆ ಎಲ್ಲರೂ ಹಜಾರದಲ್ಲಿ ಕೂತು ಕಬ್ಬು ಸಿಗಿಯುತ್ತಿದ್ದೆವು. ಇದ್ದಕ್ಕಿದ್ದಂತೆ ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಹೋದರು. ಹಿಂದೆಯೇ ಹೋಗಿ ನೋಡಿದರೆ, ಐದು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ ಹಾಕಿಸಿಕೊಂಡಿದ್ದ ದವಡೆ ಹಲ್ಲಿನ ಕ್ಯಾಪ್ ಅಂಗೈಯಲ್ಲಿ ಕೂತಿತ್ತು.

"ಅತ್ತಿಗೆ, ನಾಳೆನೇ ಡಾಕ್ಟರ ಹತ್ರ ಹೋಗೋಣ."

"ಅಯ್ಯೋ ಸುಮ್ನಿರೇ, ಒಂಚೂರೂ ನೋವಿಲ್ಲ. ಹಬ್ಬದ ಓಡಾಟ ಮುಗೀಲಿ, ಮಕ್ಕಳ ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ."

ಕ್ಯಾಪ್ ಕಾಗದದ ಪೊಟ್ಟಣವಾಗಿ ಸಾಸಿವೆ ಡಬ್ಬಿ ಪಕ್ಕ ಸೇರಿತು. ವಾರದ ನಂತರ ಮಗನೇ ಡಾಕ್ಟರಾದ. ಚಪ್ಪಲಿ, ಆಟಿಕೆ ಅಂಟಿಸುವ ಅಂಗಡಿಯ ಗಮ್ ಎರಡು ಹನಿ ಹಾಕಿ ಕ್ಯಾಪನ್ನು ಕೂರಿಸಿಬಿಟ್ಟ. "ನೋಡು, ಖರ್ಚಿಲ್ಲದೆ ಕೆಲಸ ಆಯ್ತು" ಅಂತ ಅತ್ತಿಗೆ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಕೆನ್ನೆ ಊದಿತು. ಕ್ಯಾಪ್ ಬಿಡಿಸಿದಾಗ ಒಳಗಿನ ಹಲ್ಲು ಹುಳುಕು ತಿಂದು ವಸಡಿನ ಮಟ್ಟಕ್ಕೆ ಕರಗಿತ್ತು. ಉಳಿಸುವ ದಾರಿ ಇರಲಿಲ್ಲ, ಕೀಳಿಸಬೇಕಾಯಿತು.

ಅವತ್ತು ಡಾಕ್ಟರ್ ಹೇಳಿದ ಒಂದು ಮಾತು ನನ್ನನ್ನು ಈ ಲೇಖನ ಬರೆಯಲು ಕೂರಿಸಿತು. "ಅಮ್ಮಾ, ಕ್ಯಾಪ್ ಬಿದ್ದದ್ದು ತೊಂದರೆ ಅಲ್ಲ. ಒಳಗೆ ಏನೋ ಆಗ್ತಿದೆ ಅಂತ ಸಿಮೆಂಟ್ ನಿಮಗೆ ಹೇಳಿ ಕಳಿಸಿತ್ತು. ನೀವು ಕೇಳಿಸಿಕೊಳ್ಳಲಿಲ್ಲ."

ಸಿಮೆಂಟ್ ಅಂದರೆ ಏನು? ಮನೆ ಕಟ್ಟೋದಾ ಅಂತ ನಗಬೇಡಿ. ನಮ್ಮಲ್ಲಿ ಎಷ್ಟೋ ಜನರ ಬಾಯಲ್ಲಿ ಅದಿದೆ, ಹೆಸರು ಮಾತ್ರ ಗೊತ್ತಿಲ್ಲ.

ಹೊರಗೆ ತಯಾರಾಗಿ ಬರುವ ಹಲ್ಲು

ಹುಳುಕು ಚಿಕ್ಕದಿದ್ದರೆ ಡಾಕ್ಟರ್ ಬಾಯೊಳಗೇ ಫಿಲ್ಲಿಂಗ್ ತುಂಬುತ್ತಾರೆ. ಹಲ್ಲು ಹೆಚ್ಚು ಹಾಳಾಗಿದ್ದರೆ ಅಥವಾ ರೂಟ್ ಕೆನಾಲ್ ಆಗಿದ್ದರೆ ಅಷ್ಟು ಸಾಲದು. ಆಗ ಹಲ್ಲನ್ನು ಸುತ್ತಲೂ ಸವರಿ, ಅಳತೆ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ತಯಾರಾಗಿ ಬಂದದ್ದನ್ನು ಹಲ್ಲಿಗೆ ಕೂರಿಸುತ್ತಾರೆ. ಹಲ್ಲನ್ನು ಪೂರ್ತಿ ಮುಚ್ಚಿದರೆ ಕ್ಯಾಪ್. ಹೋದ ಹಲ್ಲಿನ ಜಾಗ ತುಂಬಲು ಅಕ್ಕಪಕ್ಕದ ಹಲ್ಲುಗಳ ಮೇಲೆ ಸೇತುವೆಯಂತೆ ನಿಂತರೆ ಬ್ರಿಡ್ಜ್. ಮುಂಭಾಗದ ಹಲ್ಲಿಗೆ ಅಂದಕ್ಕಾಗಿ ಅಂಟಿಸುವ ತೆಳುವಾದ ಪಿಂಗಾಣಿ ಹಾಳೆ ವಿನೀರ್. ಹಲ್ಲಿನ ಒಂದು ಭಾಗಕ್ಕೆ ಮಾತ್ರ ಕೂರುವ ತುಂಡು ಇನ್‌ಲೇ ಅಥವಾ ಆನ್‌ಲೇ.

ಇವನ್ನೆಲ್ಲ ಹಲ್ಲಿಗೆ ಹಿಡಿದಿಡುವುದೇ ಸಿಮೆಂಟ್. ಅಕ್ಕಸಾಲಿಗರು ಒಡವೆಯ ಒಳಗೆ ಅರಗು ತುಂಬಿ ಹರಳು ಕೂರಿಸುತ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೆಯೇ. ಆದರೆ ಹಲ್ಲಿನ ಸಿಮೆಂಟಿಗೆ ಎರಡು ಕೆಲಸ. ಒಂದು, ಕ್ಯಾಪನ್ನು ಕದಲದಂತೆ ಹಿಡಿಯುವುದು. ಎರಡನೆಯದು ಅದಕ್ಕಿಂತ ದೊಡ್ಡದು: ಕ್ಯಾಪಿಗೂ ಹಲ್ಲಿಗೂ ನಡುವಿನ ಸಂದಿಯನ್ನು ಮುಚ್ಚಿ, ಎಂಜಲು ಮತ್ತು ಬ್ಯಾಕ್ಟೀರಿಯಾ ಒಳಗೆ ಇಳಿಯದಂತೆ ತಡೆಯುವುದು.

ಈ ಪದರ ಎಷ್ಟು ತೆಳುವಾಗಿರಬೇಕು ಗೊತ್ತೇ? ಕ್ಯಾಪ್ ಅಂಟಿಸುವ ಪುಡಿ-ದ್ರವದ ಸಿಮೆಂಟುಗಳಿಗೆ ಅಂತಾರಾಷ್ಟ್ರೀಯ ಮಾನದಂಡ ಹಾಕಿರುವ ಮಿತಿ 25 ಮೈಕ್ರೋಮೀಟರ್. ಅಂದರೆ ತಲೆಕೂದಲಿಗಿಂತಲೂ ತೆಳು! ದಪ್ಪವಾದರೆ ಕ್ಯಾಪ್ ಪೂರ್ತಿ ಕೆಳಗೆ ಕೂರುವುದಿಲ್ಲ, ಕಚ್ಚಿದಾಗ ಎತ್ತರ ಅನ್ನಿಸುತ್ತದೆ, ಅಂಚಿನಲ್ಲಿ ಸಂದಿ ಉಳಿಯುತ್ತದೆ.

ಯಾವ ಯಾವ ಸಿಮೆಂಟ್?

ಒಂದೇ ಅಂಟು ಎಲ್ಲಕ್ಕೂ ಆಗುವುದಿಲ್ಲ. ದೋಸೆಗೆ ಒಂದು ಹದ, ಇಡ್ಲಿಗೆ ಒಂದು ಹದ ಇದ್ದಂತೆ ಇಲ್ಲೂ ಬೇರೆ ಬೇರೆ.

ತಾತ್ಕಾಲಿಕ ಸಿಮೆಂಟ್: ಅಳತೆ ಕೊಟ್ಟು ಕ್ಯಾಪ್ ಬರುವವರೆಗೆ ಒಂದೆರಡು ವಾರ ಹಾಕುವ ತಾತ್ಕಾಲಿಕ ಕ್ಯಾಪಿಗೆ ಇದು. ಬೇಕೆಂದಾಗ ಬಿಡಿಸಲು ಬರಲಿ ಅಂತಲೇ ಇದನ್ನು ಮೆತ್ತಗೆ ಮಾಡಿರುತ್ತಾರೆ. ಇದರಲ್ಲಿ ಹಳೆಯ ಬಗೆ ಜಿಂಕ್ ಆಕ್ಸೈಡ್ ಮತ್ತು ಯೂಜಿನಾಲ್ ಸೇರಿದ್ದು. ಯೂಜಿನಾಲ್ ಅಂದರೆ ನಮ್ಮ ಅಡುಗೆಮನೆಯ ಲವಂಗದ ಎಣ್ಣೆಯ ಸತ್ವ. ಹಲ್ಲಿನ ಆಸ್ಪತ್ರೆಗೆ ಕಾಲಿಟ್ಟೊಡನೆ ಬರುವ ಆ ಘಮ ಇದರದ್ದೇ. ಹಲ್ಲಿನ ನೋವನ್ನು ತಣಿಸುವ ಗುಣ ಇದಕ್ಕಿದೆ. ಆದರೆ ಒಂದು ಎಚ್ಚರ: ಯೂಜಿನಾಲ್ ಉಳಿದರೆ ಮುಂದೆ ಹಾಕುವ ರೆಸಿನ್ ಸಿಮೆಂಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಅಂಥ ಕಡೆ ಯೂಜಿನಾಲ್ ಇಲ್ಲದ ತಾತ್ಕಾಲಿಕ ಸಿಮೆಂಟ್ ಬಳಸುತ್ತಾರೆ. ಕ್ಯಾಪ್ ಮಾಡಿಸಲು ಹೊರಟವರು "ಹಲ್ಲು ನೋವು" ಅಂತ ಮನೆಯಲ್ಲಿ ಲವಂಗದೆಣ್ಣೆ ಹಚ್ಚಿಕೊಂಡಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಜಿಂಕ್ ಫಾಸ್ಫೇಟ್: ಇದು ಅಜ್ಜಿ ಕಾಲದ್ದು, ನೂರು ವರ್ಷ ದಾಟಿದೆ. ಜಿಂಕ್ ಆಕ್ಸೈಡ್ ಪುಡಿಗೆ ಫಾಸ್ಫಾರಿಕ್ ಆಮ್ಲದ ದ್ರವ ಬೆರೆಸುತ್ತಾರೆ. ಬೆರೆಸುವಾಗ ಬಿಸಿ ಹುಟ್ಟುತ್ತದೆ. ಅದಕ್ಕೇ ತಣ್ಣನೆಯ ದಪ್ಪ ಗಾಜಿನ ಹಲಗೆಯ ಮೇಲೆ, ಮೈಸೂರು ಪಾಕಿಗೆ ಕಡಲೆ ಹಿಟ್ಟು ಉದುರಿಸುವಂತೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಅಗಲಕ್ಕೆ ಹರಡಿ ಕಲಸುತ್ತಾರೆ. ಇದು ಹಲ್ಲಿಗೆ ಅಂಟುವುದಿಲ್ಲ, ಹಲ್ಲಿನ ಮತ್ತು ಕ್ಯಾಪಿನ ತರಿತರಿ ಮೇಲ್ಮೈಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಮೊದಮೊದಲು ಹುಳಿ ಗುಣ ಇರುವುದರಿಂದ ಜೀವ ಇರುವ ಹಲ್ಲು ಕೆಲವು ದಿನ ಜುಮ್ ಎನ್ನಬಹುದು. ಹಲ್ಲು ಸಾಕಷ್ಟು ಎತ್ತರವಿದ್ದು ಲೋಹದ ಕ್ಯಾಪ್ ಸರಿಯಾಗಿ ಕೂತರೆ ವರ್ಷಗಟ್ಟಲೆ ನಿಲ್ಲುತ್ತದೆ.

ಪಾಲಿಕಾರ್ಬಾಕ್ಸಿಲೇಟ್: 1968ರಲ್ಲಿ ಡೆನ್ನಿಸ್ ಸ್ಮಿತ್ ಎಂಬ ವಿಜ್ಞಾನಿ ಪರಿಚಯಿಸಿದ್ದು. ಹಲ್ಲಿನ ಕ್ಯಾಲ್ಸಿಯಮ್ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಂಡ ಮೊದಲ ಸಿಮೆಂಟ್ ಇದು. ಹಲ್ಲಿನ ನರಕ್ಕೆ ಮೃದು, ಜುಮ್ ಕಡಿಮೆ. ಗಟ್ಟಿತನದಲ್ಲಿ ಮಾತ್ರ ಸ್ವಲ್ಪ ಹಿಂದೆ.

ಗ್ಲಾಸ್ ಅಯಾನೊಮರ್: ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಕಂಡುಹಿಡಿದು, 1972ರಲ್ಲಿ ಪ್ರಕಟಿಸಿದ್ದು. ನುಣ್ಣನೆಯ ವಿಶೇಷ ಗಾಜಿನ ಪುಡಿಗೆ ಆಮ್ಲದ ದ್ರವ ಸೇರಿಸಿದ ಮಿಶ್ರಣ. ಇದೂ ಹಲ್ಲಿಗೆ ತಾನಾಗಿ ಅಂಟುತ್ತದೆ, ಜೊತೆಗೆ ಫ್ಲೋರೈಡನ್ನು ನಿಧಾನವಾಗಿ ಬಿಡುತ್ತದೆ. ಕೈಗೆಟಕುವ ಬೆಲೆಯದ್ದಾದ್ದರಿಂದ ನಮ್ಮ ಕ್ಲಿನಿಕ್ಕುಗಳಲ್ಲಿ ಇದರ ಬಳಕೆ ಬಹಳ. ಇದರ ವೈರಿ ನೀರು. ಮೊದಲ ನಿಮಿಷಗಳಲ್ಲಿ ಎಂಜಲು ತಾಗಿದರೆ ಅಂಚು ಕರಗಿ ದುರ್ಬಲವಾಗುತ್ತದೆ. ಬಾಯಲ್ಲಿ ಹತ್ತಿಯುಂಡೆ ಇಟ್ಟು "ಬಾಯಿ ಮುಚ್ಚಬೇಡಿ, ನಾಲಿಗೆ ತಾಗಿಸಬೇಡಿ" ಅಂತ ಡಾಕ್ಟರ್ ಗದರುವುದು ಸುಮ್ಮನೆ ಅಲ್ಲ!

ರೆಸಿನ್ ಬೆರೆತ ಗ್ಲಾಸ್ ಅಯಾನೊಮರ್: ಹೆಸರೇ ಹೇಳುವಂತೆ ಎರಡರ ಬೆರಕೆ. ಫ್ಲೋರೈಡೂ ಬಿಡುತ್ತದೆ, ಎಂಜಲಲ್ಲಿ ಕರಗುವುದೂ ಕಡಿಮೆ. ಲೋಹದ ಕ್ಯಾಪ್, ಲೋಹದ ಮೇಲೆ ಪಿಂಗಾಣಿ ಲೇಪಿಸಿದ ಕ್ಯಾಪ್, ಝಿರ್ಕೋನಿಯಾ ಕ್ಯಾಪ್‌ಗಳಿಗೆ ಹೆಚ್ಚು ಬಳಕೆ. ನೀರು ಹೀರಿ ತುಸು ಉಬ್ಬುವ ಗುಣ ಇರುವುದರಿಂದ ತೆಳುವಾದ ಪಿಂಗಾಣಿಗೆ ಇದು ಸಲ್ಲದು.

ರೆಸಿನ್ ಸಿಮೆಂಟ್: ಎಲ್ಲಕ್ಕಿಂತ ಬಲವಾದ ಬೆಸುಗೆ ಇದರದ್ದು. ಹಲ್ಲನ್ನು ಆಮ್ಲದಿಂದ ಹದ ಮಾಡಿ, ಬಾಂಡಿಂಗ್ ದ್ರವ ಹಚ್ಚಿ, ಕ್ಯಾಪಿನ ಒಳಮೈಯನ್ನೂ ತಯಾರು ಮಾಡಿ ಅಂಟಿಸುತ್ತಾರೆ. ಬಹಳಷ್ಟು ಬಗೆಗಳನ್ನು ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ದಪ್ಪ ಕ್ಯಾಪಿನ ಒಳಗೆ ಬೆಳಕು ಇಳಿಯುವುದಿಲ್ಲವಾದ್ದರಿಂದ ಅಲ್ಲಿಗೆ ತಾನಾಗಿಯೂ ಗಟ್ಟಿಯಾಗುವ ಬಗೆ ಬೇಕು. ಕೆಲಸ ಹೆಚ್ಚು, ಹೊತ್ತು ಹೆಚ್ಚು, ಬೆಲೆಯೂ ಹೆಚ್ಚು. ಹಲ್ಲು ಒಣಗಿಯೇ ಇರಬೇಕು. ಹೆಚ್ಚಾಗಿ ಹೊರಬಂದ ಸಿಮೆಂಟನ್ನು ಆಗಲೇ ತೆಗೆಯದಿದ್ದರೆ ಕಲ್ಲಿನಂತಾಗಿ ವಸಡನ್ನು ಕೆರಳಿಸುತ್ತದೆ. ಇದರಲ್ಲೇ ಆಮ್ಲ, ಬಾಂಡಿಂಗ್ ಬೇರೆ ಬೇರೆ ಹಚ್ಚುವ ಅಗತ್ಯವಿಲ್ಲದ ಸರಳ ಬಗೆಗಳೂ ಬಂದಿವೆ.

ಯಾವುದಕ್ಕೆ ಯಾವುದು?

* ಲೋಹದ ಅಥವಾ ಲೋಹ-ಪಿಂಗಾಣಿ ಕ್ಯಾಪ್, ಬ್ರಿಡ್ಜ್: ಹಲ್ಲು ಎತ್ತರ ಚೆನ್ನಾಗಿದ್ದರೆ ಗ್ಲಾಸ್ ಅಯಾನೊಮರ್ ಅಥವಾ ರೆಸಿನ್ ಬೆರೆತದ್ದು ಸಾಕು.

* ಝಿರ್ಕೋನಿಯಾ ಕ್ಯಾಪ್: ಕ್ಯಾಪ್ ಗಟ್ಟಿ, ಹಲ್ಲೂ ಎತ್ತರವಿದ್ದರೆ ಇದಕ್ಕೂ ಅದೇ ನಡೆಯುತ್ತದೆ. ಹಲ್ಲು ಮೋಟಾಗಿದ್ದರೆ ರೆಸಿನ್.

* ವಿನೀರ್, ಗಾಜಿನಂಥ ಸಿರಾಮಿಕ್ ಇನ್‌ಲೇ, ಆನ್‌ಲೇ: ರೆಸಿನ್ ಸಿಮೆಂಟೇ ಆಗಬೇಕು. ಅದರ ಬೆಸುಗೆಯಿಂದಲೇ ತೆಳು ಪಿಂಗಾಣಿಗೆ ಬಲ ಬರುವುದು. ವಿನೀರ್ ಮೂಲಕ ಸಿಮೆಂಟಿನ ಬಣ್ಣವೂ ಕಾಣುತ್ತದೆ. ಅದಕ್ಕಾಗಿ ಮೊದಲು ಬಣ್ಣದ ಪೇಸ್ಟ್ ಹಾಕಿ ಕನ್ನಡಿಯಲ್ಲಿ ತೋರಿಸುತ್ತಾರೆ. ಸಂಕೋಚ ಬೇಡ, ಕಿಟಕಿಯ ಬೆಳಕಿನಲ್ಲಿ ನೋಡಿಯೇ ಒಪ್ಪಿಗೆ ಹೇಳಿ.

* ಇಂಪ್ಲಾಂಟ್ ಮೇಲಿನ ಕ್ಯಾಪ್: ಇಲ್ಲಿ ವಸಡಿನ ಕೆಳಗೆ ಉಳಿದ ಸಿಮೆಂಟ್ ಚೂರು ದೊಡ್ಡ ತಲೆನೋವು. ಅದರಿಂದ ಸುತ್ತಲಿನ ಮೂಳೆಯೇ ಸವೆಯಬಹುದು. ಕೆಲವು ಕಡೆ ಸಿಮೆಂಟ್ ಇಲ್ಲದೆ ಸ್ಕ್ರೂನಿಂದಲೇ ಕೂರಿಸುತ್ತಾರೆ. ನಿಮ್ಮದು ಯಾವುದು ಅಂತ ಕೇಳಿಟ್ಟುಕೊಳ್ಳಿ.

ಇಲ್ಲಿ ಒಂದು ಮಾತು. "ದುಬಾರಿ ಸಿಮೆಂಟೇ ಹಾಕಿ ಡಾಕ್ಟ್ರೇ" ಅನ್ನುವುದು ಜಾಣತನವಲ್ಲ. ವಸಡಿನಲ್ಲಿ ರಕ್ತ, ಎಂಜಲು ಒಸರುತ್ತಿರುವ ಕಡೆ ರೆಸಿನ್ ಹಾಕಿದರೆ ಹಣ ದಂಡ. ಅಲ್ಲಿ ಸಾಧಾರಣ ಸಿಮೆಂಟೇ ಮೇಲು.

ಅಂಟಿಸಿದ ದಿನ ಹೀಗಿರಲಿ

* ಸಿಮೆಂಟ್ ಹಾಕುವ ಮೊದಲೇ ಕ್ಯಾಪನ್ನು ಸುಮ್ಮನೆ ಕೂರಿಸಿ ತೋರಿಸುತ್ತಾರೆ. ಕಚ್ಚಿ ನೋಡಿ. ಎತ್ತರ ಅನ್ನಿಸಿದರೆ ಆಗಲೇ ಬಾಯಿಬಿಟ್ಟು ಹೇಳಿ. "ಅಭ್ಯಾಸ ಆಗುತ್ತೆ ಬಿಡಿ" ಅಂತ ನೀವೇ ಸಮಾಧಾನ ಮಾಡಿಕೊಳ್ಳಬೇಡಿ.

* ಮರಗಟ್ಟುವ ಇಂಜೆಕ್ಷನ್ ಇಳಿಯುವವರೆಗೆ ಬಿಸಿ ಕಾಫಿ ಬೇಡ. ಕೆನ್ನೆ, ನಾಲಿಗೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

* ಮೊದಲ 24 ಗಂಟೆ ಆ ಕಡೆ ಚಕ್ಕುಲಿ, ಕಡಲೆ ಮಿಠಾಯಿ, ಚ್ಯೂಯಿಂಗ್ ಗಮ್ ಬೇಡ. ಅನ್ನ-ಸಾರು, ಮೊಸರನ್ನ, ಇಡ್ಲಿ ಸಾಕು. ಬಹುತೇಕ ಸಿಮೆಂಟುಗಳು ಪೂರ್ತಿ ಬಲ ಪಡೆಯಲು ಇಷ್ಟು ಹೊತ್ತು ಬೇಕು.

* ಜೀವ ಇರುವ ಹಲ್ಲು ಕೆಲವು ದಿನ ತಣ್ಣೀರಿಗೆ ಜುಮ್ ಎಂದರೆ ಗಾಬರಿ ಬೇಡ. ದಿನೇ ದಿನೇ ಹೆಚ್ಚಾದರೆ, ರಾತ್ರಿ ತಾನಾಗಿ ನೋವು ಬಂದರೆ ತೋರಿಸಿ.

* ತಾತ್ಕಾಲಿಕ ಕ್ಯಾಪ್ ಇದ್ದಾಗ ಫ್ಲಾಸ್ ದಾರವನ್ನು ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಜಾರಿಸಿ ತೆಗೆಯಿರಿ.

ನೋವಿಲ್ಲ ಅಂದರೆ ಸುಖವಲ್ಲ

ಅತ್ತಿಗೆ ಮೋಸ ಹೋದದ್ದು ಇಲ್ಲೇ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರ ಇರುವುದಿಲ್ಲ. ಒಳಗೆ ಹುಳುಕು ಎಷ್ಟೇ ತಿಂದರೂ ಆ ಹಲ್ಲು ನೋವೆಂದು ಕೂಗುವುದಿಲ್ಲ. ಕೂಗುವ ಹೊತ್ತಿಗೆ ಸೋಂಕು ಬೇರಿನ ಬುಡಕ್ಕೆ, ಮೂಳೆಗೆ ಇಳಿದಿರುತ್ತದೆ. ಹಾಗಾಗಿ ಅಂಥ ಹಲ್ಲಿಗೆ ಕ್ಯಾಪ್ ಕದಲುವುದೊಂದೇ ಅಲಾರಂ.

ಕ್ಯಾಪ್ ಯಾಕೆ ಕಳಚುತ್ತದೆ? ಅಂಚಿನ ಸಿಮೆಂಟ್ ನಿಧಾನವಾಗಿ ಕರಗಿ ಹೋಗಿರಬಹುದು. ಅಂಟಿಸುವಾಗ ತೇವ ಸೇರಿರಬಹುದು. ಹಲ್ಲು ತೀರಾ ಮೋಟಾಗಿರಬಹುದು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇರಬಹುದು. ಇಲ್ಲವೇ ಒಳಗಿನ ಹಲ್ಲೇ ಹುಳುಕಿ ಮೆತ್ತಗಾಗಿರಬಹುದು. ಇದರಲ್ಲಿ ಯಾವುದು ಅಂತ ಹೇಳಲು ಕಣ್ಣಿನ ಜೊತೆ ಎಕ್ಸ್-ರೇ ಕೂಡ ಬೇಕು. ಕಾರಣ ತಿಳಿಯದೆ ಮತ್ತೆ ಅಂಟಿಸುವುದು, ಸೋರುವ ಗೋಡೆಗೆ ಸುಣ್ಣ ಬಳಿದ ಹಾಗೆ.

ಬ್ರಿಡ್ಜ್ ಇದ್ದವರು ಇನ್ನೂ ಹುಷಾರಾಗಿರಬೇಕು. ಒಂದು ಕಡೆಯ ಸಿಮೆಂಟ್ ಬಿಟ್ಟರೂ ಇನ್ನೊಂದು ಕಡೆ ಹಿಡಿದಿರುವುದರಿಂದ ಅದು ಬೀಳುವುದೇ ಇಲ್ಲ. ಬಿಟ್ಟ ಕಡೆ ಸದ್ದಿಲ್ಲದೆ ಹುಳುಕು ಸಾಗುತ್ತದೆ. ಒತ್ತಿದರೆ ಅಂಚಿನಲ್ಲಿ ಗುಳ್ಳೆ ಬರುವುದು, ಆ ಜಾಗದಿಂದ ಕೆಟ್ಟ ವಾಸನೆ, ಬಾಯಲ್ಲಿ ಏನೋ ಕೆಟ್ಟ ರುಚಿ ಒಸರುವುದು, ಕಚ್ಚಿದಾಗ ಸ್ವಲ್ಪ ಅಲುಗಿದಂತೆ ಅನ್ನಿಸುವುದು, ಇವೇ ಗುರುತು.

ಕಳಚಿದರೆ ಏನು ಮಾಡಬೇಕು?

* ಕ್ಯಾಪನ್ನು ಎಸೆಯಬೇಡಿ. ನೀರಿನಲ್ಲಿ ತೊಳೆದು ಮುಚ್ಚಳ ಇರುವ ಚಿಕ್ಕ ಡಬ್ಬಿಯಲ್ಲಿ ಹಾಕಿ. ಕಾಗದದ ಪೊಟ್ಟಣ ಕಸದ ಬುಟ್ಟಿ ಸೇರುವುದೇ ಹೆಚ್ಚು. ಸಿಂಕಿನಲ್ಲಿ ತೊಳೆಯುವಾಗ ರಂಧ್ರಕ್ಕೆ ಬಟ್ಟೆ ಮುಚ್ಚಿ.

* ಒಳಗೆ ಅಂಟಿದ ಹಳೆ ಸಿಮೆಂಟನ್ನು ಪಿನ್ನಿನಿಂದ ಕೆರೆಯಬೇಡಿ. ಡಾಕ್ಟರ್ ಅದನ್ನು ನೋಡಿಯೇ ಎಲ್ಲಿ ಬಿಟ್ಟಿದೆ ಅಂತ ಊಹಿಸುತ್ತಾರೆ.

* ಸಡಿಲ ಕ್ಯಾಪನ್ನು ಹಾಗೇ ಸಿಕ್ಕಿಸಿಕೊಂಡು ಮಲಗಬೇಡಿ. ನಿದ್ದೆಯಲ್ಲಿ ನುಂಗಬಹುದು, ಅದಕ್ಕಿಂತ ಅಪಾಯ ಶ್ವಾಸನಾಳಕ್ಕೆ ಜಾರುವುದು. ಕ್ಯಾಪ್ ಕಾಣೆಯಾಗಿ ಬಿಡದೆ ಕೆಮ್ಮು, ಉಸಿರಾಟಕ್ಕೆ ತೊಂದರೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

* ಅಂಗಡಿಯ ಗಮ್ ಖಂಡಿತ ಬೇಡ. ತೇವ ತಾಗಿದ ಕೂಡಲೇ ಅದು ಗಟ್ಟಿಯಾಗುತ್ತದೆ, ಕ್ಯಾಪ್ ಸೊಟ್ಟಗೆ ಕೂತರೆ ಸರಿಪಡಿಸಲು ಸಮಯವೇ ಸಿಗದು. ವಸಡಿಗೆ ಹಾನಿ. ಬ್ಯಾಕ್ಟೀರಿಯಾವನ್ನು ಒಳಗೇ ಕೂಡಿಹಾಕಿದಂತೆ. ಒಳಮೈಗೆ ಮೆತ್ತಿದ ಗಮ್ ಬಿಡಿಸಲಾಗದೆ ಚೆನ್ನಾಗಿದ್ದ ಕ್ಯಾಪೂ ಹಾಳು.

* ಮೋಟು ಹಲ್ಲನ್ನು ಮೆದು ಬ್ರಷ್‌ನಿಂದ ಸ್ವಚ್ಛ ಮಾಡುತ್ತಿರಿ. ಆ ಕಡೆ ಅಗಿಯಬೇಡಿ, ಬರಿ ಹಲ್ಲು ಮುರಿಯಬಹುದು.

* ಒಂದೆರಡು ದಿನದೊಳಗೆ ತೋರಿಸಿ. ಹಲ್ಲು ಗಟ್ಟಿಯಿದ್ದು ಕ್ಯಾಪ್ ಸರಿಯಾಗಿ ಕೂತರೆ ಸ್ವಚ್ಛ ಮಾಡಿ ಮತ್ತೆ ಸಿಮೆಂಟ್ ಹಾಕುವುದು ಸಾಮಾನ್ಯವಾಗಿ ಒಂದೇ ಸಲದ ಕೆಲಸ. ವಾರಗಟ್ಟಲೆ ಬಿಟ್ಟರೆ ಅಕ್ಕಪಕ್ಕದ ಹಲ್ಲು ವಾಲಿ, ಎದುರಿನ ಹಲ್ಲು ಇಳಿದು, ಹಳೆ ಕ್ಯಾಪ್ ಕೂರದೇ ಹೋಗಬಹುದು. ಆಗ ಹೊಸದರ ಖರ್ಚು.

ಕೇಳಲು ಹಿಂಜರಿಯಬೇಡಿ

ಸೀರೆ ಕೊಳ್ಳುವಾಗ ಜರಿ ಯಾವುದು, ಬಣ್ಣ ಹೋಗುತ್ತಾ ಅಂತ ಹತ್ತು ಪ್ರಶ್ನೆ ಕೇಳುವ ನಾವು ಡಾಕ್ಟರ ಮುಂದೆ ಬಾಯಿ ಕಟ್ಟಿದವರಂತೆ ಕೂರುತ್ತೇವೆ. ಈ ನಾಲ್ಕು ಪ್ರಶ್ನೆ ಕೇಳಿ: ಕ್ಯಾಪ್ ಯಾವುದರಿಂದ ಮಾಡಿದ್ದು? ಯಾವ ಸಿಮೆಂಟ್ ಹಾಕುತ್ತೀರಿ, ಯಾಕೆ? ಕಳಚಿದರೆ ಮತ್ತೆ ಅಂಟಿಸಲು ಹಣ ಎಷ್ಟು? ಮುಂದೆ ಯಾವಾಗ ಬಂದು ತೋರಿಸಲಿ?

ಉತ್ತರವನ್ನು ಬಿಲ್ಲಿನ ಹಿಂದೆಯೇ ಬರೆದು, ತಾರೀಖು ಹಾಕಿ ಇಟ್ಟುಕೊಳ್ಳಿ. ಊರು ಬದಲಾದರೆ, ಡಾಕ್ಟರ್ ಬದಲಾದರೆ ಆ ಒಂದು ಸಾಲು ತುಂಬಾ ಉಪಯೋಗಕ್ಕೆ ಬರುತ್ತದೆ. ನೋವಿರಲಿ ಇಲ್ಲದಿರಲಿ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕ್ಯಾಪಿನ ಅಂಚು ತೋರಿಸಿ ಬನ್ನಿ.

ಖರ್ಚಿನ ಚಿಂತೆಯೇ? ಹತ್ತಿರದಲ್ಲಿ ದಂತ ವೈದ್ಯಕೀಯ ಕಾಲೇಜು ಇದ್ದರೆ ವಿಚಾರಿಸಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ ಕ್ಯಾಪ್, ಬ್ರಿಡ್ಜ್ ಕೆಲಸಕ್ಕೇ ಪ್ರತ್ಯೇಕ ವಿಭಾಗವಿದೆ. ಹಿರಿಯ ವೈದ್ಯರ ಕಣ್ಗಾವಲಿನಲ್ಲಿ ಚಿಕಿತ್ಸೆ ನಡೆಯುತ್ತದೆ. ಸ್ವಲ್ಪ ಕಾಯಬೇಕಾದೀತು, ಆದರೆ ಮನೆಯ ಗಮ್‌ಗಿಂತ ಸಾವಿರ ಪಾಲು ವಾಸಿ.

ಅತ್ತಿಗೆ ಈಗಲೂ ಎಡಗಡೆಯಲ್ಲೇ ಅಗಿಯುತ್ತಾರೆ. ಕಿತ್ತ ಜಾಗಕ್ಕೆ ಬ್ರಿಡ್ಜ್ ಹಾಕಿಸಲು ಪಕ್ಕದ ಎರಡು ಒಳ್ಳೆ ಹಲ್ಲು ಸವೆಸಬೇಕು, ಇಂಪ್ಲಾಂಟಿಗೆ ಅಷ್ಟು ಹಣ ಹೊಂದಿಸಬೇಕು. ಎರಡೂ ಬೇಡವೆಂದು ಖಾಲಿ ಬಿಟ್ಟಿದ್ದಾರೆ. ಮೊನ್ನೆ ಸಂಕ್ರಾಂತಿಗೆ ಹೋದಾಗ ಎಳ್ಳು-ಬೆಲ್ಲ ಕೈಗಿತ್ತು, ಕಬ್ಬನ್ನು ನನ್ನ ಕಡೆ ತಳ್ಳಿ, "ನಿನ್ನ ಕ್ಯಾಪ್ ಯಾವ ಸಿಮೆಂಟಿನದ್ದು, ಕೇಳಿದೆಯೇನೇ?" ಅಂದರು.

ಕೇಳಿದ್ದೆ. ಬಿಲ್ಲಿನ ಹಿಂದೆ ಬರೆದೂ ಇಟ್ಟಿದ್ದೇನೆ. ನೀವು?